ಮಾದಯ್ಯನವರು ಬರೆದಿಟ್ಟ ಕಾಲುಗಳು

ಮಾದಯ್ಯನವರು ಯಾರನ್ನೂ ಮೊದಲು ಮುಖ ನೋಡಿ ಮಾತಾಡಿಸಿದವರಲ್ಲ. ಬಾಗಿಲಲ್ಲಿ ಯಾರು ಬಂದು ನಿಂತರೂ ಅವರ ಕಣ್ಣು ನೇರ ಪಾದಕ್ಕೆ ಹೋಗುತ್ತಿತ್ತು. ಅಲ್ಲಿಂದ ಮೊಣಕಾಲು, ಸೊಂಟ, ಹೆಗಲು ಎಂದು ಮೆಲ್ಲಗೆ ಮೇಲೇರಿ ಮುಖಕ್ಕೆ ಬರುವಷ್ಟರಲ್ಲಿ ಬಂದವರ ಅರ್ಧ ಕಥೆ ಅವರಿಗೆ ಗೊತ್ತಾಗಿರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಹೆಸರು ಕೇಳುವುದಕ್ಕೂ ಮುಂಚೆ ಅವರು ಹೇಳಿದ್ದು, "ನಿನ್ ಬಲಗಾಲಿನ ಚಪ್ಪಲಿ ಒಳಮಗ್ಗುಲು ಸವ್ದೈತೆ ಕಣಮ್ಮ. ಸೊಂಟ ನೋಯ್ತದಾ?"

ನೋಯುತ್ತಿತ್ತು. ಎರಡು ವರ್ಷದಿಂದ ನೋಯುತ್ತಿತ್ತು. ಫಿಸಿಯೋಥೆರಪಿ ಓದಿ ಸರ್ಟಿಫಿಕೇಟು ಹಿಡಿದು ಬಂದಿದ್ದ ನನಗೆ ನನ್ನ ಚಪ್ಪಲಿಯನ್ನೇ ತಿರುಗಿಸಿ ನೋಡಬೇಕೆಂದು ಹೊಳೆದಿರಲಿಲ್ಲ.

ರಾಮನಗರದಲ್ಲಿರುವ ನಮ್ಮ ಕೇಂದ್ರ ಒಂದು ಧರ್ಮಸಂಸ್ಥೆಯದು. ಅಪಘಾತದಲ್ಲಿ, ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುತ್ತೇವೆ. ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಳಿಂದ ಜನ ಬರುತ್ತಾರೆ. ಹೊಸ ಕಾಲು ಕಟ್ಟಿಕೊಂಡವರಿಗೆ ನಡೆಯಲು ಕಲಿಸುವುದು ನನ್ನ ಕೆಲಸ. ನನ್ನೂರು ಚನ್ನಪಟ್ಟಣ, ಹೆಸರು ಶಬಾನಾ. ಮಾದಯ್ಯನವರ ಬಾಯಲ್ಲಿ ಅದು ಕೊನೆಯವರೆಗೂ ಸಬಾನ.

ಅವರು ಸಾತನೂರಿನ ಹತ್ತಿರದ ಹಳ್ಳಿಯವರು. ತಂದೆ ಚಪ್ಪಲಿ ಹೊಲಿಯುತ್ತಿದ್ದರಂತೆ. "ನಮ್ಮಪ್ಪ ಗೇಣು ಹಾಕಿ ಅಳತೆ ತಗೋತಿದ್ದ. ಮೆಟ್ಟು ಕಚ್ಚಿದ್ರೆ ಕಾಲಿಂದು ತಪ್ಪಲ್ಲ, ಮೆಟ್ಟಿಂದೂ ತಪ್ಪಲ್ಲ, ಹೊಲ್ದವನ್ದು ತಪ್ಪು ಅಂತಿದ್ದ," ಎಂದು ಒಮ್ಮೆ ಹೇಳಿದ್ದರು. ಕೇಂದ್ರಕ್ಕೆ ಅವರು ಬಂದದ್ದು ಕಾಲಿನ ಅಚ್ಚು ತೆಗೆಯಲು ಪ್ಲಾಸ್ಟರ್ ಕಲಸುವ ಕೆಲಸಕ್ಕೆ. ಅಕ್ಷರ ದುಂಡಗಿದ್ದುದರಿಂದ ರಿಜಿಸ್ಟರ್ ಬರೆಯಲು ಕೂರಿಸಿದರು. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತರು. ಬಲಗೈ ತೋರುಬೆರಳು ಒಂದರಲ್ಲೇ ಟೈಪು. ಒಂದೊಂದು ಕೀಲಿ ಒತ್ತಿದಾಗಲೂ ತಲೆಯೆತ್ತಿ ಪರದೆಯ ಮೇಲೆ ಅಕ್ಷರ ಬಂತೋ ಇಲ್ಲವೋ ನೋಡಿಕೊಳ್ಳುವರು. ದೂರದಿಂದ ನೋಡಿದರೆ ನೀರು ಕುಡಿಯುವ ಕೋಳಿಯ ಹಾಗೆ ಕಾಣುತ್ತಿತ್ತು. ನಾವು ನಕ್ಕರೆ ಅವರೂ ನಗುತ್ತಿದ್ದರು. "ನಗ್ರಿ ನಗ್ರಿ. ಕೋಳಿ ಕೆದಕಿದ್ರೂ ಕಾಳು ಸಿಕ್ತದೆ."

ಆ ಕಾಳು ಎಂಥದ್ದೆಂದು ನನಗೆ ಗೊತ್ತಾಗಿದ್ದು ಮಾಗಡಿ ಕಡೆಯ ಒಬ್ಬ ಹೆಂಗಸು ಬಂದಾಗ. ಹೊಸ ಕಾಲು ಕಟ್ಟಿಕೊಂಡು ಅಭ್ಯಾಸದ ಹಾಲಿನ ಉದ್ದಕ್ಕೂ ಚೆನ್ನಾಗಿಯೇ ನಡೆದಳು. ಡಾಕ್ಟರು ಕೇಳಿದರು, ನಾನು ಕೇಳಿದೆ, ಇಬ್ಬರಿಗೂ "ಏನೂ ತೊಂದ್ರೆ ಇಲ್ಲ" ಎಂದಳು. ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಮಾದಯ್ಯನವರು ಎದ್ದು ಹೋಗಿ ಬಚ್ಚಲಿಂದ ತುಂಬಿದ ಬಕೆಟ್ಟೊಂದನ್ನು ತಂದು ಅವಳ ಮುಂದಿಟ್ಟರು.

"ಇದನ್ನ ಒಸಿ ಆ ಬಾಗ್ಲು ತಂಕ ತಗೊಂಡೋಗವ್ವ."

ನಾಲ್ಕು ಹೆಜ್ಜೆಗೆ ಅವಳ ಹುಬ್ಬು ಗಂಟಾಯಿತು. ಆರನೆಯ ಹೆಜ್ಜೆಗೆ ಬಕೆಟ್ಟು ಕೆಳಗಿಟ್ಟು ಗೋಡೆ ಹಿಡಿದುಕೊಂಡಳು.

"ನೋಡ್ದ ಸಬಾನ?" ಎಂದರು ನನ್ನ ಕಡೆ ತಿರುಗಿ. "ಬಾಯಿ ಚೆನ್ನಾಗೈತೆ ಅಂತದೆ. ಪುಕ್ಕಟೆ ಕೊಟ್ಟೋರ ಮುಂದೆ ಇನ್ನೇನಂತದೆ? ಕಾಲನ್ನ ಕೇಳ್ಬೇಕು."

ಆಮೇಲೆ ಅವಳ ಹತ್ತಿರ ಕುಕ್ಕರುಗಾಲಲ್ಲಿ ಕೂತು ವಿಚಾರಿಸಿದರು. ನಲ್ಲಿ ಮನೆಯಿಂದ ಎಷ್ಟು ದೂರ? ಹೊಸ್ತಿಲು ಎಷ್ಟು ಎತ್ತರ? ದನ ಕಟ್ಟುವ ಜಾಗ ಇಳಿಜಾರೋ? ಅಡುಗೆ ನಿಂತು ಮಾಡುವುದೋ, ಕೂತೋ? ಎಲ್ಲವನ್ನೂ ಆ ಒಂಟಿ ಬೆರಳಲ್ಲಿ ಕಂಪ್ಯೂಟರಿಗೆ ಹಾಕಿದರು. ಅವರ ಫೈಲುಗಳಲ್ಲಿ ಅಳತೆಯ ಅಂಕಿಗಳ ಕೆಳಗೆ ಯಾವಾಗಲೂ ಇಂಥ ನಾಲ್ಕು ಸಾಲು ಇರುತ್ತಿದ್ದವು. "ಮನೆ ಮುಂದೆ ಮೂರು ಮೆಟ್ಟಿಲು, ಹಿಡಿ ಇಲ್ಲ." "ಬೆಳಿಗ್ಗೆ ಬಿಗಿ, ಸಂಜೆ ಸಡಿಲ." "ಎಡಕ್ಕೆ ತಿರುಗುವಾಗ ಹೆದರುತ್ತಾನೆ." "ನೋವಿದ್ದರೂ ಹೇಳುವುದಿಲ್ಲ, ಕಿವಿ ಕೆಂಪಾಗುತ್ತದೆ, ಅದನ್ನು ನೋಡುವುದು." ವರ್ಕ್‌ಶಾಪಿನವರು ಕಾಲು ತಿದ್ದುವಾಗ ಅಂಕಿಗಿಂತ ಹೆಚ್ಚಾಗಿ ಈ ಸಾಲುಗಳನ್ನು ಕೇಳುತ್ತಿದ್ದರು.

ಆ ಫೈಲುಗಳಿಗೆ ಅವರು ಬೀಗ ಹಾಕಿದ್ದಕ್ಕೂ ಒಂದು ಕಾರಣವಿತ್ತು. ನಾನು ಸೇರುವುದಕ್ಕೆ ಮುಂಚೆ ನಡೆದದ್ದು, ಅವರೇ ಹೇಳಿದ್ದು. ಯಾರೋ ಒಬ್ಬ ದೊಡ್ಡಮನುಷ್ಯ ಬಂದು, ಇಂಥ ಊರಿನ ಇಂಥವರ ಮಗಳು ನಿಮ್ಮಲ್ಲಿ ಬಂದಿದ್ದಳೇ ಎಂದು ವಿಚಾರಿಸಿದನಂತೆ. ಆಗಿದ್ದ ಗುಮಾಸ್ತ ಸಲೀಸಾಗಿ ರಿಜಿಸ್ಟರು ತೆರೆದು ತೋರಿಸಿದ. ಆ ಹುಡುಗಿಯ ನಿಶ್ಚಿತಾರ್ಥ ಮುರಿಯಿತು. ಅವಳು ಸೀರೆ ಉಟ್ಟು ನಡೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟು ಚೆನ್ನಾಗಿ ನಡೆಯುತ್ತಿದ್ದಳಂತೆ. ಹೇಳುವುದೋ ಬಿಡುವುದೋ ಅವಳಿಗೆ ಬಿಟ್ಟದ್ದಾಗಿತ್ತು.

"ಕಾಲು ಹೋದೋರ್ಗೆ ಉಳ್ಕೊಳ್ಳೋದು ಮಾನ ಒಂದೇ ಕಣಮ್ಮ. ಅದನ್ನೂ ನಾವು ಬೀದಿಗೆ ಇಟ್ಬುಟ್ರೆ?"

ಹೀಗಾಗಿ ಕಂಪ್ಯೂಟರು ಬಂದ ಕೂಡಲೇ, ರಿಪೇರಿ ಅಂಗಡಿಯ ಲೋಕೇಶ್ ಅವರನ್ನು ಕರೆಸಿ ತಮ್ಮ ಅಕೌಂಟಿಗೆ, ಅದರೊಳಗಿನ ಫೈಲುಗಳಿಗೆ ಗಟ್ಟಿ ಬೀಗ ಹಾಕಿಸಿಕೊಂಡರು. ಪಾಸ್‌ವರ್ಡನ್ನು ಲೋಕೇಶ್ ಅವರಿಗೂ ಹೇಳಲಿಲ್ಲ. ಕಾಲು ಮುಟ್ಟಿ ಕೆಲಸ ಮಾಡುವವರು ಕೇಳಿದರೆ ತೆಗೆದು ತೋರಿಸುವರು, ಬೇರೆಯವರು ಕೇಳಿದರೆ, ಅವರು ಎಷ್ಟೇ ದೊಡ್ಡವರಾಗಲಿ, "ಕರೆಂಟಿಲ್ಲ ಸಾರ್" ಎನ್ನುವರು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ.

ಒಂದು ಸಲ ಕಂಪ್ಯೂಟರು ಕೆಟ್ಟು ಆರು ತಿಂಗಳ ಬರವಣಿಗೆ ಹೋಯಿತು. ಆ ದಿನ ಅವರು ಊಟ ಮಾಡಲಿಲ್ಲ. ಮರುದಿನ ಒಂದು ಪೆನ್‌ಡ್ರೈವ್ ಕೊಂಡು ತಂದರು. ಪ್ರತಿ ಸಂಜೆ ಆ ದಿನ ಬರೆದದ್ದನ್ನೆಲ್ಲ ಅದಕ್ಕೆ ಹಾಕಿ, ಅಂಗಿಯ ಒಳಜೇಬಿನಲ್ಲಿಟ್ಟು, ಜೇಬಿನ ಬಾಯಿಗೆ ಪಿನ್ನು ಚುಚ್ಚಿ, ಸಾತನೂರು ಬಸ್ಸು ಹತ್ತುವರು. "ಈ ಕಟ್ಟಡಕ್ಕೆ ಬೆಂಕಿ ಬಿದ್ರೂ ನನ್ ಜೇಬಲ್ಲಿ ಎಲ್ಲಾರ ಕಾಲೂ ಇರ್ತವೆ," ಎಂದು ನನಗೆ ತೋರಿಸಿದ್ದರು. ಅವರ ಮನೆಯಲ್ಲಿ ಕಂಪ್ಯೂಟರೇ ಇಲ್ಲವೆಂಬುದು ನನಗೆ ಗೊತ್ತಿತ್ತು. ಇದೆಲ್ಲ ಗೊತ್ತಿದ್ದವಳು ನಾನೊಬ್ಬಳೇ.

ಈಗ ಹೇಳಬೇಕಾದದ್ದನ್ನು ಬರೆಯಲು ಕೈ ಹಿಂದೆ ಸರಿಯುತ್ತದೆ. ಆದರೂ ಬರೆಯಲೇಬೇಕು.

ಕೇಂದ್ರಕ್ಕೆ ಪ್ರಸನ್ನ ಎಂಬ ಹೊಸ ಆಡಳಿತಾಧಿಕಾರಿ ಬಂದರು. ಕೆಟ್ಟವರೇನಲ್ಲ, ಆತುರದವರು. ಬಂದ ತಿಂಗಳಲ್ಲೇ ಹೊಸ ಸಾಫ್ಟ್‌ವೇರ್ ಹಾಕಿಸಿದರು. ಅದರಲ್ಲಿ ಹೆಸರು, ವಯಸ್ಸು, ಅಳತೆ, ಫೋಟೋಗೆ ಮಾತ್ರ ಜಾಗ. ಮಾದಯ್ಯನವರ ಸಾಲುಗಳಿಗೆ ಜಾಗವಿರಲಿಲ್ಲ. ಅವರ ಫೈಲುಗಳನ್ನು ತೆರೆದುಕೊಡಿ ಎಂದು ಕೇಳಿದರು. ಮಾದಯ್ಯನವರು, ಯಾರ್‍ಯಾರು ನೋಡುತ್ತಾರೆ ಎಂದು ತಿರುಗಿ ಕೇಳಿದರು. ಅದು ಪ್ರಸನ್ನ ಅವರಿಗೆ ಸರಿಬರಲಿಲ್ಲ. ಅದೇ ವಾರ ಯಾರೋ ಅವರ ಕಿವಿಗೆ ಹಾಕಿದರು, ಮಾದಯ್ಯ ದಿನಾ ಸಂಜೆ ಏನನ್ನೋ ಕಾಪಿ ಮಾಡಿಕೊಂಡು ಹೋಗುತ್ತಾನೆ ಎಂದು. ರೋಗಿಗಳ ವಿವರ ಹೊರಗಿನವರಿಗೆ ಮಾರುತ್ತಿರಬಹುದು ಎಂಬ ಅನುಮಾನ ಒಂದೇ ದಿನದಲ್ಲಿ ಬೆಳೆದು ನಿಂತಿತು.

ನನ್ನನ್ನು ಒಳಗೆ ಕರೆಸಿದರು. ನಾನಾಗ ತಾತ್ಕಾಲಿಕ ನೌಕರಿಯಲ್ಲಿದ್ದೆ. ಕಾಯಂ ಮಾಡುವ ಕಾಗದ ಅವರ ಮೇಜಿನ ಮೇಲೆಯೇ ಇತ್ತು, ನನ್ನ ಹೆಸರು ನನಗೆ ತಲೆಕೆಳಗಾಗಿ ಕಾಣುತ್ತಿತ್ತು.

"ಮಾದಯ್ಯ ಪೆನ್‌ಡ್ರೈವ್‌ನಲ್ಲಿ ಫೈಲ್ ತಗೊಂಡು ಹೋಗೋದನ್ನ ನೀವು ನೋಡಿದೀರಾ?"

"ನೋಡಿದೀನಿ ಸರ್," ಎಂದೆ.

ಅವರು ನನ್ನನ್ನೇ ನೋಡುತ್ತಿದ್ದರು. ಯಾಕೆ ಒಯ್ಯುತ್ತಾರೆ ಎಂದು ಕೇಳಲಿಲ್ಲ. ಕೇಳದಿದ್ದರೂ ಹೇಳಬಹುದಾಗಿತ್ತು. ಹೇಳಲು ಬಾಯಿ ತೆರೆದಿದ್ದೆ ಕೂಡ. "ಸರಿ, ನೀವಿನ್ನು ಹೋಗಬಹುದು," ಎಂದರು. ನಾನು ಹೋದೆ.

ಅಂದು ಮಧ್ಯಾಹ್ನವೇ ಮಾದಯ್ಯನವರನ್ನು ಕೆಲಸದಿಂದ ತೆಗೆದರು. ಪೆನ್‌ಡ್ರೈವನ್ನು ಅವರ ಜೇಬಿನಿಂದಲೇ ತೆಗೆಸಿಕೊಂಡು, ಕಂಪ್ಯೂಟರಿನಲ್ಲಿ ಹೇಗೂ ಇದೆಯಲ್ಲ ಎಂದು, ಅವರ ಎದುರಿಗೇ ಅದರಲ್ಲಿದ್ದುದನ್ನೆಲ್ಲ ಅಳಿಸಿ ಹಾಕಿದರು. ಅವರು ತಮ್ಮ ಊಟದ ಡಬ್ಬಿ, ಅಳತೆಯ ಟೇಪು, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದರು. ಹೋಗುವಾಗ ನಡೆಯುವ ಅಭ್ಯಾಸ ಮಾಡಿಸುವ ನನ್ನ ಹಾಲಿನ ಮುಂದೆಯೇ ಹಾದು ಹೋಗಬೇಕು. ನಾನು ಒಬ್ಬ ಅಜ್ಜನ ಕೈಹಿಡಿದು ನಡೆಸುತ್ತಿದ್ದೆ. ತಲೆಯೆತ್ತಲಿಲ್ಲ.

ಮುಂದಿನ ವಾರ ಪ್ರಸನ್ನ ಅವರು ಮಾದಯ್ಯನವರ ಅಕೌಂಟು ತೆರೆಯಲು ತಮಗೆ ತೋಚಿದ ಪಾಸ್‌ವರ್ಡುಗಳನ್ನೆಲ್ಲ ಹಾಕಿ ನೋಡಿದರು. ಅದು ಲಾಕ್ ಆಗಿ ಕೂತಿತು. "ಹೋಗಲಿ ಬಿಡಿ, ಹೊಸ ಸಾಫ್ಟ್‌ವೇರಲ್ಲಿ ಬೇಕಾದ್ದೆಲ್ಲ ಇದೆಯಲ್ಲ," ಎಂದರು. ಕಂಪ್ಯೂಟರನ್ನು ಸ್ಟೋರ್ ರೂಮಿಗೆ ಸಾಗಿಸಿದರು. ನನ್ನ ಕೆಲಸ ಕಾಯಂ ಆಯಿತು.

ಒಂದೂವರೆ ವರ್ಷದ ಮೇಲೆ ಭಾಗ್ಯ ಬಂದಳು. ರಾಮನಗರದ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ ಮಾಡುವವಳು, ದಿನವಿಡೀ ಬಿಸಿನೀರಿನ ತೊಟ್ಟಿಯ ಮುಂದೆ ನಿಂತೇ ಇರಬೇಕು. ಹತ್ತು ವರ್ಷ ಬಾಳಿಕೆ ಬಂದ ಅವಳ ಕೃತಕ ಕಾಲು ಮುರಿದಿತ್ತು. ಹೊಸ ಅಳತೆ ತೆಗೆದು ಹೊಸ ಕಾಲು ಮಾಡಿಕೊಟ್ಟೆವು. ನಡೆದಳು, ಮೆಟ್ಟಿಲು ಹತ್ತಿದಳು, ಬಕೆಟ್ಟೂ ಎತ್ತಿದಳು. ವಾರದೊಳಗೆ ಹುಣ್ಣಾಗಿ ವಾಪಸು ಬಂದಳು. ಮತ್ತೆ ಅಚ್ಚು ತೆಗೆದು, ಮೊಣಕಾಲಿನ ಕೆಳಗಿನ ತುಂಡುಗಾಲು ಕೂರುವ ಬಟ್ಟಲನ್ನು ತಿದ್ದಿ ಎರಡನೆಯ ಕಾಲು ಮಾಡಿಕೊಟ್ಟೆವು. ಮತ್ತೆ ಹುಣ್ಣು. ಮೂರನೆಯದನ್ನು ಮಾಡಿದೆವು. ಅದೂ ಹಾಗೇ. ಮೂರನೆಯ ಸಲ ಅವಳು ಕಾಲು ಕಟ್ಟಿಕೊಳ್ಳದೆ, ಕಂಕುಳಿಗೆ ಕೋಲು ಕೊಟ್ಟುಕೊಂಡು ಬಂದಳು. ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡಿದ್ದಾರೆ ಎಂದಳು.

"ಮಾದಯ್ಯನೋರು ಅವಾಗ ನಾನ್ ಕೆಲ್ಸ ಮಾಡೋ ತಾವ್ಕೇ ಬಂದಿದ್ರು ಮೇಡಂ. ಎರಡು ಗಂಟೆ ನನ್ ಪಕ್ಕದಲ್ಲೇ ನಿಂತಿದ್ರು, ಆ ಬಿಸಿ ಹಬೇಲಿ. ಆಮೇಲೆ ನೋವು ಬಂತು ನೋಡಿ, ಆ ಜಾಗ ಮುಟ್ಟಿ ಇಲ್ಲೇ ಅಂದ್ರು. ಅದೇನು ಬರ್ಕೊಂಡ್ರೋ, ಏನು ಮಾಡ್ಸುದ್ರೋ. ಹತ್ತು ವರ್ಸ ನಿಂತಿದ್ದೆ. ಅವ್ರು ಬರ್ದಿದ್ದನ್ನ ಒಸಿ ತೆಗ್ದು ನೋಡಬಾರ್ದಾ?"

ಹಳೆಯ ಅಚ್ಚು ಯಾವತ್ತೋ ಒಡೆದು ಹೋಗಿತ್ತು. ಅವಳಿಗೆ ನೋವು ಬರುವ ಜಾಗ ಗೊತ್ತು, ಅವರು ಅದಕ್ಕೆ ಮಾಡಿದ ಉಪಾಯ ಗೊತ್ತಿಲ್ಲ. ಅದು ಸ್ಟೋರ್ ರೂಮಿನ ಕಂಪ್ಯೂಟರಿನಲ್ಲಿತ್ತು. ಯೋಚಿಸಿದರೆ, ಹೀಗೆ ಮತ್ತೆ ಮತ್ತೆ ವಾಪಸು ಬರುತ್ತಿದ್ದವಳು ಭಾಗ್ಯ ಒಬ್ಬಳೇ ಅಲ್ಲ.

ಲೋಕೇಶ್ ಅವರನ್ನು ಕರೆಸಿದೆ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕಂಪ್ಯೂಟರಿನ ಧೂಳು ಒರೆಸಿ, ತಂತಿ ಸಿಕ್ಕಿಸಿ, ಅರ್ಧ ಗಂಟೆ ನೋಡಿದರು.

"ಮೇಡಂ, ಅಕೌಂಟಿನ ಲಾಕು ನಾನು ಬಿಡಿಸ್ತೀನಿ, ಅದು ದೊಡ್ಡದಲ್ಲ. ಪಾಸ್‌ವರ್ಡ್ ಬದಲಾಯಿಸಿ ಒಳಕ್ಕೂ ಹೋಗಬಹುದು. ಆದ್ರೆ ಒಳಗಿರೋ ಫೈಲು ತೆರ್ಕೊಳ್ಳಲ್ಲ. ಆ ಬೀಗ ಅವರ ಹಳೇ ಪಾಸ್‌ವರ್ಡಿಗೇ ಅಂಟ್ಕೊಂಡೈತೆ. ನಾವು ಬದಲಾಯಿಸಿಬಿಟ್ರೆ ಆಮೇಲೆ ಅವರೇ ಬಂದ್ರೂ ತೆರ್ಕೊಳ್ಳಲ್ಲ. ನಾನೇ ಹಾಕಿಕೊಟ್ಟಿದ್ದು ಇದನ್ನ. ಯಾರ್ ಬಂದ್ರೂ ಒಡೆಯಕ್ಕೆ ಆಗಬಾರ್ದು ಅಂದಿದ್ರು." ತಂತಿ ಕಿತ್ತು ಸುತ್ತುತ್ತಾ ಹೇಳಿದರು, "ಅವರನ್ನೇ ಹೋಗಿ ಕೇಳಿ ಮೇಡಂ. ಇನ್ನೊಂದು ದಾರಿ ಇಲ್ಲ."

ಕಚೇರಿಯಿಂದ ಫೋನು ಮಾಡಿಸಿದರೆ ಅವರ ಹಳೆಯ ನಂಬರು ಚಾಲ್ತಿಯಲ್ಲಿರಲಿಲ್ಲ. ಭಾನುವಾರ ನಾನೇ ಕನಕಪುರಕ್ಕೆ ಹೋಗಿ ಅಲ್ಲಿಂದ ಸಾತನೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಾ ಹೋದೆ. ಒಂದು ವಾಕ್ಯವೂ ನಿಲ್ಲಲಿಲ್ಲ.

ಅವರು ಮನೆಯ ಮುಂದೆ ಹಲಗೆಯ ಮೇಲೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಕೂತಿದ್ದರು. ತುಂಬ ಇಳಿದುಹೋಗಿದ್ದರು, ಕಾಲರಿನೊಳಗೆ ಕತ್ತು ಅಲ್ಲಾಡುತ್ತಿತ್ತು. ನನ್ನ ಚಪ್ಪಲಿ ನೋಡಿಯೇ ಯಾರೆಂದು ಗೊತ್ತಾಗಿರಬೇಕು, ತಲೆ ಎತ್ತುವುದಕ್ಕೆ ಮುಂಚೆಯೇ "ಬಾ ಸಬಾನ," ಎಂದರು. ಹೆಂಡತಿ ಚೌಡಮ್ಮ ಒಳಗಿನಿಂದ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೇಂದ್ರದಿಂದ ಬಂದವಳೆಂದು ತಿಳಿದ ಕೂಡಲೇ ಅವರ ಮುಖ ಬಿಗಿಯಿತು.

"ಈಗೇನು ಬೇಕವ್ವ ನಿಮ್ಗೆ? ಕಂಪ್ಯೂಟ್ರು ಕದ್ದು ಕೆಲ್ಸ ಕಳ್ಕೊಂಡ್ನಂತೆ ಅಂತ ಊರೆಲ್ಲಾ ಮಾತಾಡ್ತದೆ. ನಮ್ಮನೇಲಿ ಟೀವಿನೇ ಕೆಟ್ಟು ಕುಂತೈತೆ, ಕಂಪ್ಯೂಟ್ರು ತಂದು ಎಲ್ಲಿ ಮಡಗವಾ? ಎದೆನೋವು ಅಂತ ಮೈಸೂರಾಸ್ಪತ್ರೆಗೆ ಎರಡು ಸಲ ಸೇರ್ಸ್ದೆ. ಒಬ್ರು ಬಂದು ನೋಡ್ಲಿಲ್ಲ."

"ಸುಮ್ಕಿರು," ಎಂದರು ಮಾದಯ್ಯನವರು. "ಮಗು ಬಿಸಿಲಲ್ಲಿ ಬಂದೈತೆ. ಮಜ್ಜಿಗೆ ಕೊಡು."

ನಾನು ಭಾಗ್ಯಳ ವಿಷಯ ಹೇಳಿದೆ. ಅವರು ಕತ್ತಿ ಕೆಳಗಿಟ್ಟರು. ಮೂರು ಕಾಲು ಮಾಡಿದ್ದು, ಮೂರಕ್ಕೂ ಹುಣ್ಣಾಗಿದ್ದು, ಕೆಲಸ ಹೋಗಿದ್ದು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಪಾಸ್‌ವರ್ಡ್ ಕೇಳುವ ಮೊದಲೇ ತಲೆಯಾಡಿಸಿದರು.

"ಬಾಯಲ್ಲಿ ಹೇಳಕಾಗಲ್ಲ ಕಣಮ್ಮ. ನಾನೇ ಬತ್ತೀನಿ. ಬುಧವಾರ ಬಂದ್ರೆ ಆಯ್ತದಾ?"

"ಈ ಮೈಯಲ್ಲಿ ಎಲ್ಗೋದೀಯ?" ಎಂದರು ಚೌಡಮ್ಮ.

"ಅವ್ಳು ಅಷ್ಟೊತ್ತು ನಿಂತ್ಕೋತಾಳಲ್ಲ, ನಾನು ಬಸ್ಸಲ್ಲಿ ಕುಂತ್ಕೊಳ್ಳಕ್ಕೇನು?"

ಬುಧವಾರ ಬೆಳಿಗ್ಗೆ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದರು. ಪ್ರಸನ್ನ ಅವರಿಗೆ ಮೊದಲೇ ಹೇಳಿದ್ದೆ, ಬೇಡವೆನ್ನಲಿಲ್ಲ. ಕಂಪ್ಯೂಟರನ್ನು ಅದರ ಹಳೆಯ ಜಾಗದಲ್ಲೇ ಇಟ್ಟಿದ್ದೆವು. ಲೋಕೇಶ್ ಅಕೌಂಟಿನ ಲಾಕು ಬಿಡಿಸಿ ಎದ್ದು ನಿಂತರು. ಮಾದಯ್ಯನವರು ಕುರ್ಚಿಯಲ್ಲಿ ಕೂತು, ಕೀಲಿಮಣೆಯ ಮೇಲೆ ಬೆರಳಿಟ್ಟು, ನಮ್ಮನ್ನು ನೋಡಿದರು. ನಾವಿಬ್ಬರೂ ಗೋಡೆಯ ಕಡೆ ತಿರುಗಿಕೊಂಡೆವು. ಹಿಂದಿನಿಂದ ಒಂದೊಂದೇ ಕೀಲಿಯ ಸದ್ದು ಕೇಳಿಸಿತು. ಮೊದಲ ಸಲ ತಪ್ಪಾಯಿತು. "ಅಭ್ಯಾಸ ತಪ್ಪೋಗೈತೆ," ಎಂದು ಗೊಣಗಿಕೊಂಡರು. ಎರಡನೆಯ ಸಲ ತೆರೆದುಕೊಂಡಿತು.

ಭಾಗ್ಯಳ ಫೈಲು ತೆಗೆದರು. ಅಳತೆಯ ಕೆಳಗೆ ಬರೆದಿತ್ತು: "ಎರಡು ಗಂಟೆ ನಿಂತ ಮೇಲೆ ಮಾತ್ರ ನೋವು. ಮೂಳೆಯ ಹೊರಮಗ್ಗುಲಲ್ಲಿ ಒಳಗೆ ಕಾಳಿನಷ್ಟು ಗಂಟು, ನಿಂತಂತೆಲ್ಲ ಕೆಳಗೆ ಸರಿಯುತ್ತದೆ. ಆದ್ದರಿಂದ ಅಚ್ಚನ್ನು ಬೆಳಿಗ್ಗೆ ತೆಗೆಯಬಾರದು. ಕೆಲಸ ಮುಗಿಸಿ ಬಂದ ಮೇಲೆ, ಕಾಲು ದಣಿದಿರುವಾಗ ತೆಗೆಯುವುದು. ಗಂಟಿನ ಕೆಳಗೂ ಒಂದು ಬೆರಳು ಜಾಗ ಬಿಡುವುದು. ನೋವಿದ್ದರೆ ಇವಳು ನಗುತ್ತಾಳೆ."

ನಾವು ಮೂರು ಸಲವೂ ಬೆಳಿಗ್ಗೆ ಹತ್ತು ಗಂಟೆಗೇ ಅಚ್ಚು ತೆಗೆದಿದ್ದೆವು.

ಮೂರು ದಿನ ಬಂದರು. ತಮ್ಮ ಸಾಲುಗಳನ್ನೆಲ್ಲ ಒಂದೊಂದಾಗಿ ತೆಗೆದು ನನಗೆ ವಿವರಿಸಿ, ವರ್ಕ್‌ಶಾಪಿನವರು ಮತ್ತು ನಾನು ಮಾತ್ರ ತೆರೆಯಬಹುದಾದ ಬೇರೊಂದು ಜಾಗಕ್ಕೆ ಲೋಕೇಶ್ ಕೈಯಲ್ಲಿ ಹಾಕಿಸಿದರು. ನಡುನಡುವೆ ಉಸಿರು ಹಿಡಿದುಕೊಂಡು ಸುಮ್ಮನೆ ಕೂರುವರು. ಎರಡನೆಯ ದಿನ ಪ್ರಸನ್ನ ಅವರು ಬಾಗಿಲಲ್ಲಿ ಬಂದು ನಿಂತು, "ಕಾಫಿ ಆಯ್ತಾ ಮಾದಯ್ಯನವರೇ?" ಎಂದರು. "ಆಯ್ತು ಸಾರ್," ಎಂದರು ಇವರು. ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನಿಂದ ತಡೆಯಲಾಗಲಿಲ್ಲ.

"ಅಣ್ಣಾ, ಅವತ್ತು ಸರ್ ನನ್ನ ಕೇಳಿದ್ರು. ಪೆನ್‌ಡ್ರೈವ್ ತಗೊಂಡು ಹೋಗೋದನ್ನ ನೋಡಿದೀನಿ ಅಂತ ನಾನೇ ಹೇಳಿದ್ದು."

ಅವರು ಮುದ್ದೆ ಮುರಿಯುತ್ತಿದ್ದರು. ಮುರಿದು, ಸಾರಿಗೆ ಅದ್ದಿ, ನುಂಗಿದರು.

"ಗೊತ್ತು ಕಣಮ್ಮ. ಬಾಗ್ಲು ತೆಗ್ದೇ ಇತ್ತು. ನಾನು ಆಚೆ ಬೆಂಚಿನ ಮ್ಯಾಗೆ ಕುಂತಿದ್ದೆ, ನೀನ್ ನೋಡ್ನಿಲ್ಲ. ನೋಡಿದೀನಿ ಅಂದೆ, ಅದು ದಿಟವೇ. ಇನ್ನೊಂದು ಮಾತು ಬತ್ತದೆ ಅಂತ ಕಾದೆ. ಬರ್ನಿಲ್ಲ."

ನಾನು ಅಳುತ್ತಿದ್ದೆ. ಅವರು ನೀರಿನ ಲೋಟ ನನ್ನ ಕಡೆ ಸರಿಸಿದರು.

"ನಿನ್ ಕೆಲ್ಸ ಕಾಯಂ ಆಯ್ತಾ?"

"ಆಯ್ತು."

"ಸದ್ಯ," ಎಂದರು.

ಆ ಮಾತಿನಲ್ಲಿ ಕೊಂಕಿದೆಯೇ ಎಂದು ಎಷ್ಟೋ ದಿನ ಹುಡುಕಿದೆ. ಇರಲಿಲ್ಲ. ನಿಜಕ್ಕೂ ಅವರಿಗೆ ಸಮಾಧಾನವಾಗಿತ್ತು. ಅದನ್ನೇ ನನ್ನಿಂದ ಸಹಿಸಲಾಗಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಚೀಲ ಹಿಡಿದುಕೊಳ್ಳಲು ಹೋದರೆ ಕೊಡಲಿಲ್ಲ. ಬಸ್ಸು ಬಂತು. ಕಿಟಕಿಯ ಪಕ್ಕ ಕೂತು, "ಭಾಗ್ಯಂಗೆ ಅಚ್ಚು ಸಾಯಂಕಾಲವೇ ತೆಗೀರಿ, ಮರೀಬ್ಯಾಡಿ," ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಭಾಗ್ಯಳಿಗೆ ನಾಲ್ಕನೆಯ ಕಾಲು ಸರಿಹೊಂದಿತು. ಬೇರೊಂದು ಕಡೆ ಕೆಲಸ ಸಿಕ್ಕಿ, ತಿಂಗಳಾದ ಮೇಲೆ ಬಂದು ತೋರಿಸಿದಳು, ಒಂದು ಕೆಂಪು ಗುರುತೂ ಇರಲಿಲ್ಲ. ಆ ದಿನವೇ ನಾನು ಪ್ರಸನ್ನ ಅವರ ಕೋಣೆಗೆ ಹೋದೆ. ಪೆನ್‌ಡ್ರೈವ್ ಯಾಕೆ ಒಯ್ಯುತ್ತಿದ್ದರು, ಆವತ್ತು ನಾನು ಹೇಳದೆ ಬಿಟ್ಟದ್ದೇನು ಎಂದು ಹೇಳಿದೆ. ಮಾದಯ್ಯನವರ ತಪ್ಪಿರಲಿಲ್ಲವೆಂದು ಕಾಗದ ಬರೆದುಕೊಡಬೇಕು ಎಂದೆ. ಅವರು ಟ್ರಸ್ಟಿನವರನ್ನು ಕೇಳಬೇಕು ಎಂದರು. ಕೇಳಿದರು. ಒಂದು ಮೀಟಿಂಗು ಮುಂದಕ್ಕೆ ಹೋಯಿತು, ಇನ್ನೊಂದರಲ್ಲಿ ಈ ವಿಷಯ ಬರಲಿಲ್ಲ. ಕೊನೆಗೆ ಕಾಗದ ಕೈಗೆ ಬಂದಾಗ ಮಾದಯ್ಯನವರು ಬಂದು ಹೋಗಿ ನಾಲ್ಕು ತಿಂಗಳಾಗಿತ್ತು.

ಮರುದಿನವೇ ರಜೆ ಹಾಕಿ ಹೊರಟೆ. ಮನೆಯ ಮುಂದೆ ಚೌಡಮ್ಮ ಒಬ್ಬರೇ ಸೊಪ್ಪು ಹೆಚ್ಚುತ್ತಿದ್ದರು. ಅವರ ಹಣೆ ನೋಡಿದಾಗ ನನಗೆ ತಿಳಿಯಿತು. ಮೂರು ವಾರವಾಗಿತ್ತಂತೆ. ಬೆಳಿಗ್ಗೆ ಮುಖ ತೊಳೆಯಲು ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದರಂತೆ. ಕೇಂದ್ರಕ್ಕೆ ಯಾರು ತಿಳಿಸಬೇಕು? ಅವರು ನಮ್ಮ ನೌಕರರಾಗಿ ಉಳಿದಿರಲಿಲ್ಲ.

ನಾನು ಜಗಲಿಯ ಮೇಲೆ ಕೂತೆ. ಚೀಲದಿಂದ ಕವರು ತೆಗೆಯಲೋ ಬೇಡವೋ ತಿಳಿಯಲಿಲ್ಲ. ಚೌಡಮ್ಮನೇ ನೋಡಿ ಕೇಳಿದರು, "ಅದೇನವ್ವ ಕಾಗ್ದ?"

ಹೇಳಿದೆ. ಅವರು ಕತ್ತಿ ಕೆಳಗಿಟ್ಟು, ಪಕ್ಕದ ಮನೆಯ ಕಡೆ ತಿರುಗಿ, "ಲಿಂಗಣ್ಣಾ, ಬಾಪ್ಪಾ ಇಲ್ಲಿ," ಎಂದು ಕೂಗಿದರು. ಮಾದಯ್ಯನವರ ತಮ್ಮ ಲಿಂಗಣ್ಣ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದು ಕಂಬಕ್ಕೆ ಒರಗಿ ನಿಂತರು. ಅವರ ಹಿಂದೆ ಇನ್ನಿಬ್ಬರು ಹೆಂಗಸರು ಬಂದರು.

"ಓದವ್ವ," ಎಂದರು ಚೌಡಮ್ಮ.

ಓದಿದೆ. "ಶ್ರೀ ಮಾದಯ್ಯನವರು ನಮ್ಮ ಕೇಂದ್ರದಲ್ಲಿ ದಾಖಲೆ ಸಹಾಯಕರಾಗಿ ತೃಪ್ತಿಕರವಾಗಿ ಸೇವೆ ಸಲ್ಲಿಸಿರುತ್ತಾರೆ. ಅವರ ಮೇಲೆ ಯಾವುದೇ ಆರೋಪ ಬಾಕಿ ಇರುವುದಿಲ್ಲ."

ಅಷ್ಟೇ ಇತ್ತು. ಕೆಳಗೆ ಸಹಿ, ಸೀಲು.

"ಬಾಕಿ ಇಲ್ಲ ಅಂದ್ರೆ?" ಎಂದರು ಲಿಂಗಣ್ಣ. "ಇದ್ದಿದ್ದು ಮಾಫಿ ಆಯ್ತು ಅಂತಲಾ?"

ನಾನು ಕಾಗದ ಮಡಚಿ ಪಕ್ಕಕ್ಕಿಟ್ಟೆ.

"ಇಲ್ಲ. ಅವರು ಏನೂ ಕದ್ದಿರಲಿಲ್ಲ. ಕಂಪ್ಯೂಟರು ಕೆಟ್ಟರೆ ರೋಗಿಗಳಿಗೆ ತೊಂದರೆ ಆಗಬಾರದು ಅಂತ ಬರೆದದ್ದನ್ನೆಲ್ಲ ಜೇಬಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು, ಬೆಳಿಗ್ಗೆ ವಾಪಸು ಒಯ್ಯುತ್ತಿದ್ದರು. ಅದನ್ನು ಒಬ್ಬರಿಗೂ ತೋರಿಸಲಿಲ್ಲ. ಇದು ನನಗೆ ಗೊತ್ತಿತ್ತು. ಕೇಳಿದಾಗ ನಾನು ಹೇಳಲಿಲ್ಲ. ನನ್ನ ಕೆಲಸ ಹೋಗುತ್ತದೆ ಅಂತ ಹೆದರಿ ಸುಮ್ಮನಿದ್ದೆ. ಅವರ ಕೆಲಸ ಹೋಯಿತು."

ಲಿಂಗಣ್ಣ ಕಂಬದಿಂದ ಬೆನ್ನು ತೆಗೆದು ಮೆಲ್ಲಗೆ ನೆಲಕ್ಕೆ ಕೂತರು. ಟವೆಲಿನಿಂದ ಬಾಯಿ ಒತ್ತಿಕೊಂಡರು.

"ನಾನೂ ಒಂದ್ ಸಲ ಕೇಳ್ಬುಟ್ಟಿದ್ದೆ," ಎಂದರು. "ದಿಟವೇನಣ್ಣ, ಅಂತ. ಅವತ್ತಿಂದ ನಮ್ಮನೆ ಹೊಸ್ಲು ತುಳೀಲಿಲ್ಲ ಅವ್ನು."

ಚೌಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ಕಾದೆ. ಅವರು ಎದ್ದು ಬಂದು ನನ್ನ ತೋಳು ಹಿಡಿದು ಜಗಲಿಯಿಂದ ಎಬ್ಬಿಸಿದರು. ಬೀದಿಯ ಆಚೆ ಕಡೆಯ ಮನೆಗಳ ಬಾಗಿಲಲ್ಲಿ ಜನ ನಿಂತು ಇತ್ತ ನೋಡುತ್ತಿದ್ದರು.

"ಇನ್ನೊಂದ್ ಸಲ ಹೇಳವ್ವ," ಎಂದರು. "ಒಸಿ ಗಟ್ಟಿಯಾಗಿ ಹೇಳು. ಆ ಮನೆಯೋರ್ಗೂ ಕೇಳ್ಲಿ."

ನಾನು ಬೀದಿಗೆ ಮುಖ ಮಾಡಿ ನಿಂತು, ಗಟ್ಟಿಯಾಗಿ, ಎಲ್ಲವನ್ನೂ ಮೊದಲಿನಿಂದ ಹೇಳಿದೆ.